ಅವ್ವನ ತೂಕ 49 ಕಿಲೋ

ನಾನು ಕೊಡಗಿನವನೆಂದು ಗೊತ್ತಾದ ಕೂಡಲೇ ಹೊರಗಿನವರು ನನ್ನನ್ನು ಒಮ್ಮೆ ತಲೆಯಿಂದ ಕಾಲಿನವರೆಗೆ ನೋಡುತ್ತಾರೆ. ಅವರ ತಪ್ಪಲ್ಲ ಬಿಡಿ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ನಾಡು ಇದು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಸೇರಿದ ನಾಡು. ಇಲ್ಲಿಂದ ಬಂದವನೆಂದರೆ ಅಗಲವಾದ ಎದೆ, ಹುರಿ ಮೀಸೆ ಇರಲೇಬೇಕಲ್ಲವೇ? ನನಗಿದ್ದದ್ದು ಐದಡಿ ಒಂಬತ್ತಂಗುಲ ಎತ್ತರ, 58 ಕಿಲೋ ತೂಕ, ಕಡ್ಡಿಯಂಥ ಕೈಕಾಲು, ನಡುವೆ ಬ್ಯಾಂಕಿನ ಕುರ್ಚಿ ಇಪ್ಪತ್ತು ವರ್ಷದಲ್ಲಿ ಕೂಡಿಸಿಕೊಟ್ಟ ಒಂದು ಪುಟ್ಟ ಹೊಟ್ಟೆ. ಹಾಕಿ ಹಬ್ಬದಲ್ಲಿ ನಮ್ಮ ಕುಟುಂಬದ ತಂಡಕ್ಕೆ ನಾನು ಸಲ್ಲಿಸಿದ ಸೇವೆಯೆಂದರೆ ನೀರಿನ ಬಾಟಲಿ ಹೊತ್ತದ್ದು.

ನಲವತ್ತೇಳು ವರ್ಷ ಇದರಿಂದ ನನಗೆ ಯಾವ ಕೊರತೆಯೂ ಕಾಣಲಿಲ್ಲ. ಕಂಡದ್ದು 2024ರ ಜುಲೈ ತಿಂಗಳ ಒಂದು ಸಂಜೆ.

ಮೂರು ದಿನದಿಂದ ಬಿಡದೆ ಸುರಿಯುವ ಮಳೆ. ಕರೆಂಟು ಹೋಗಿ ಯಾವ ಕಾಲವಾಗಿತ್ತೋ. ಹೆಂಡತಿ ತವರಿಗೆ ಹೋಗಿದ್ದಳು. ಹಿತ್ತಲ ಜಗುಲಿಯಿಂದ ಏನೋ ಬಿದ್ದ ಸದ್ದು ಕೇಳಿ ಟಾರ್ಚು ಹಿಡಿದು ಓಡಿದರೆ, ಅವ್ವ ಒದ್ದೆ ಸಿಮೆಂಟು ನೆಲದ ಮೇಲೆ ಕೂತಿದ್ದಳು. ಎಪ್ಪತ್ತೆಂಟು ವರ್ಷದ ಜೀವ. ‘ಜಾರಿತು, ಏನೂ ಆಗಿಲ್ಲ, ಎಬ್ಬಿಸು’ ಅಂದಳು. ನಾನು ಬಗ್ಗಿ ಎರಡೂ ತೋಳು ಹಿಡಿದು ಎಳೆದೆ. ಅವ್ವ ಅರ್ಧ ಎದ್ದಳು, ನನ್ನ ಸೊಂಟ ಚಳಕ್ಕೆಂದಿತು, ಇಬ್ಬರೂ ಮತ್ತೆ ನೆಲಕ್ಕೆ. ಇನ್ನೊಮ್ಮೆ ಪ್ರಯತ್ನಿಸಿದೆ. ಆಗಲಿಲ್ಲ. ‘ಬಿಡು ಮಗನೇ, ಸ್ವಲ್ಪ ಹೊತ್ತು ಹೀಗೇ ಕೂತಿರ್ತೇನೆ’ ಎಂದು ಅವ್ವನೇ ನನಗೆ ಸಮಾಧಾನ ಹೇಳಿದಳು.

ಕೊನೆಗೆ ಲೈನ್ ಮನೆಯ ಕಡೆಗೆ ಕೂಗು ಹಾಕಿದೆ. ತೋಟದ ಕೆಲಸಕ್ಕೆ ಬರುವ ಹೆಂಗಸೊಬ್ಬಳು ತಲೆಗೆ ಪ್ಲಾಸ್ಟಿಕ್ ಹೊದ್ದು ಬಂದಳು. ತೂಕದಲ್ಲಿ ನನಗಿಂತ ಎಷ್ಟೋ ಕಡಿಮೆ. ಅವಳು ನನ್ನ ಹಾಗೆ ಬಗ್ಗಲಿಲ್ಲ. ಅವ್ವನ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಕಂಕುಳ ಕೆಳಗೆ ಕೈ ಹಾಕಿ, ಎದೆಗೆ ಅಪ್ಪಿಕೊಂಡು, ಬೆನ್ನು ನೇರವಾಗಿಟ್ಟು ಎದ್ದು ನಿಂತಳು. ಅವಳ ಜತೆಗೆ ಅವ್ವನೂ ಎದ್ದಳು. ಅಷ್ಟೇ. ‘ನಮಗೆ ಚೀಲ ಎತ್ತಿ ಅಭ್ಯಾಸ ಸಾರ್’ ಅಂದು ಮಳೆಯಲ್ಲಿ ಹೊರಟುಹೋದಳು.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಬೈದರು. ವಯಸ್ಸಾದವರು ಬಿದ್ದಾಗ ಗಡಿಬಿಡಿಯಲ್ಲಿ ಎಬ್ಬಿಸಬಾರದಂತೆ. ಸೊಂಟ, ತೊಡೆ, ಕುತ್ತಿಗೆ ಎಲ್ಲಾದರೂ ನೋವಿದೆಯೇ ಎಂದು ಕೇಳಿ, ಇದ್ದರೆ ಅಲುಗಾಡಿಸದೆ ಸಹಾಯ ಕರೆಸಬೇಕಂತೆ. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. ಅವ್ವನ ತೂಕ ನೋಡಿದರು, 49 ಕಿಲೋ. ಆ ಅಂಕಿ ನನ್ನ ಎದೆಗೆ ಚುಚ್ಚಿತು. ನಮ್ಮ ಕಾಫಿ ಚೆರಿಯ ಒಂದು ಚೀಲಕ್ಕೆ 50 ಕಿಲೋ. ಹೆತ್ತ ತಾಯಿ ಒಂದು ಚೀಲಕ್ಕಿಂತಲೂ ಹಗುರ, ಅವಳನ್ನು ಎತ್ತಲು ನನ್ನಿಂದ ಆಗಲಿಲ್ಲ!

ಡಾಕ್ಟರು ಇನ್ನೊಂದು ಮಾತು ಹೇಳಿದರು. ಮೂವತ್ತು ದಾಟಿದ ಮೇಲೆ ಮನುಷ್ಯನ ಮಾಂಸಖಂಡ ಪ್ರತಿ ಹತ್ತು ವರ್ಷಕ್ಕೆ ನೂರಕ್ಕೆ ಮೂರರಿಂದ ಎಂಟರಷ್ಟು ಕರಗುತ್ತಾ ಹೋಗುತ್ತದೆ. ಅರವತ್ತರ ನಂತರ ಇನ್ನೂ ಬೇಗ. ‘ನಿಮ್ಮ ತಾಯಿ ನೆಲ ಜಾರಿದ್ದಕ್ಕೆ ಮಾತ್ರ ಬಿದ್ದದ್ದಲ್ಲ. ತೊಡೆಯಲ್ಲಿ ಶಕ್ತಿ ಇಲ್ಲ. ನೀವೂ ಅದೇ ದಾರಿಯಲ್ಲಿದ್ದೀರಿ’ ಅಂದರು.

ಅದೇ ವಾರ ಗೋಣಿಕೊಪ್ಪಲಿನ ಒಂದು ಜಿಮ್ಮಿಗೆ ಸೇರಿದೆ. ಮಹಡಿ ಮೇಲಿನ ಉದ್ದನೆಯ ಕೋಣೆ, ಸುತ್ತಲೂ ಕನ್ನಡಿ, ಕಿವಿ ಕಿತ್ತುಹೋಗುವ ಹಾಡು. ಇಪ್ಪತ್ತರ ಹುಡುಗರು ಬನಿಯನ್ನು ಹಾಕಿಕೊಂಡು ತಮ್ಮ ತೋಳನ್ನು ತಾವೇ ನೋಡಿಕೊಳ್ಳುತ್ತಿದ್ದರು. ಕನ್ನಡಿಯಲ್ಲಿ ನನ್ನನ್ನು ನೋಡದಿರಲು ಜಾಗ ಹುಡುಕುವುದೇ ಮೊದಲ ದಿನದ ವ್ಯಾಯಾಮವಾಯಿತು. ಟ್ರೇನರ್ ಹುಡುಗನಿಗೆ ಹೆಚ್ಚೆಂದರೆ ಇಪ್ಪತ್ತನಾಲ್ಕು. ‘ಏನು ಸಾರ್ ಬೇಕು, ಸಿಕ್ಸ್ ಪ್ಯಾಕಾ?’ ಎಂದ. ‘ನೆಲದ ಮೇಲಿರುವ 50 ಕಿಲೋ ಎತ್ತಬೇಕು’ ಅಂದೆ. ಅವನು ನಗಲಿಲ್ಲ. ಅಂದೇ ಅವನ ಮೇಲೆ ನನಗೆ ಗೌರವ ಹುಟ್ಟಿತು.

ಮೊದಲ ವಾರ ಕಬ್ಬಿಣ ಮುಟ್ಟಲು ಬಿಡಲಿಲ್ಲ. ಕೈಗೆ ಒಂದು ಬಿದಿರು ಕೋಲು ಕೊಟ್ಟು, ಸೊಂಟದಿಂದ ಬಾಗುವುದು, ಮಂಡಿ ಮಡಿಸುವುದು, ಬೆನ್ನು ನೇರ ಇಡುವುದು, ಭಾರವನ್ನು ಮೈಗೆ ಹತ್ತಿರ ತರುವುದು ಇಷ್ಟನ್ನೇ ಮಾಡಿಸಿದ. ಮೂರನೆಯ ದಿನ ನನಗೆ ಹೊಳೆಯಿತು, ಇದು ಆ ಮಳೆಯ ಸಂಜೆ ಲೈನ್ ಮನೆಯ ಹೆಂಗಸು ಮಾಡಿದ್ದೇ! ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾನು ತಿಂಗಳ ಫೀಸು ಕಟ್ಟಿ ಕಲಿಯುತ್ತಿದ್ದೆ. ಇನ್ನು ಸ್ಕ್ವಾಟ್ ಎಂದು ಅವನು ಕರೆದದ್ದು ಬೇರೇನಲ್ಲ, ನಮ್ಮ ಬಸ್ಕಿ. ಗರಡಿ ಮನೆಯಲ್ಲಿ ಪೈಲ್ವಾನರು ನೂರುಗಟ್ಟಲೆ ಹೊಡೆಯುತ್ತಿದ್ದದ್ದು, ಮಗ್ಗಿ ಬಾರದ ತಪ್ಪಿಗೆ ಮೇಷ್ಟ್ರು ಕಿವಿ ಹಿಡಿಸಿ ಮಾಡಿಸುತ್ತಿದ್ದದ್ದು. ಆಗ ಇನ್ನಷ್ಟು ತಪ್ಪು ಮಾಡಿದ್ದರೆ ಈ ಸ್ಥಿತಿ ಬರುತ್ತಿರಲಿಲ್ಲವೇನೋ.

ಬಸ್ಕಿ ಹೊಡೆದ ದಿನ ಏನೂ ಆಗಲಿಲ್ಲ. ಎರಡನೆಯ ದಿನ ಬೆಳಿಗ್ಗೆ ಬ್ಯಾಂಕಿನ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು. ಅಭ್ಯಾಸವಿಲ್ಲದ ಮಾಂಸಖಂಡಕ್ಕೆ ಹೀಗೆ ಒಂದೆರಡು ದಿನ ತಡವಾಗಿಯೇ ನೋವು ಏರುತ್ತದಂತೆ, ತಾನಾಗಿ ಇಳಿಯುತ್ತದಂತೆ. ವಾರಕ್ಕೆ ಮೂರೇ ದಿನ ಬಾ, ನಡುವೆ ಒಂದು ದಿನ ಬಿಡು, ರಾತ್ರಿ ಚೆನ್ನಾಗಿ ನಿದ್ದೆ ಮಾಡು ಎಂಬುದು ಹುಡುಗನ ಕಟ್ಟುನಿಟ್ಟು. ಭಾರ ಎತ್ತುವಾಗ ಮಾಂಸಖಂಡಕ್ಕೆ ಕೆಲಸ ಬೀಳುತ್ತದೆಯೇ ಹೊರತು ಅದು ಬೆಳೆಯುವುದು ಆಮೇಲೆ, ಉಂಡು ಮಲಗಿದಾಗ. ಎರಡು ವಾರ ಬಿಟ್ಟು ಖಾಲಿ ಸರಳು ಕೈಗೆ ಬಂತು. ಅದರದ್ದೇ ತೂಕ 20 ಕಿಲೋ. ಹತ್ತು ಸಲ ಎತ್ತಿ ಇಳಿಸುವುದು, ಎರಡು ನಿಮಿಷ ಸುಧಾರಿಸಿಕೊಳ್ಳುವುದು, ಹೀಗೆ ಮೂರು ಸುತ್ತು. ಅದು ಸಲೀಸಾದರೆ ಮುಂದಿನ ವಾರ ಎರಡೂವರೆ ಕಿಲೋ ಹೆಚ್ಚು, ಆಗದಿದ್ದರೆ ಅಷ್ಟಕ್ಕೇ ನಿಲ್ಲುವುದು. ಬ್ಯಾಂಕಿನ ಆರ್.ಡಿ. ಖಾತೆಯ ಹಾಗೆ, ಅವಸರ ಮಾಡಿದರೆ ಬಡ್ಡಿ ಬರುವುದಿಲ್ಲ.

ಒಂದೂವರೆ ತಿಂಗಳಿಗೆ ನಾನು 35 ಕಿಲೋ ಎತ್ತುತ್ತಿದ್ದೆ. ಆದರೆ ಟೇಪು ಹಿಡಿದರೆ ತೋಳಿನ ಸುತ್ತಳತೆ ಇದ್ದಷ್ಟೇ! ಮೋಸ ಹೋದೆನೇ ಎಂದು ಹುಡುಗನನ್ನು ಕೇಳಿದೆ. ಮೊದಲ ಕೆಲವು ವಾರ ಕಲಿಯುವುದು ನರಗಳು, ಇದ್ದ ಮಾಂಸಖಂಡವನ್ನೇ ಹೆಚ್ಚು ಚೆನ್ನಾಗಿ ದುಡಿಸಲು ಕಲಿಯುತ್ತವೆ, ಗಾತ್ರ ಕಣ್ಣಿಗೆ ಕಾಣಲು ಎರಡು ಮೂರು ತಿಂಗಳು ಬೇಕು ಎಂದ. ‘ಹೆಚ್ಚಿನವರು ಜಿಮ್ ಬಿಡೋದು ಈ ಟೈಮಲ್ಲೇ ಸಾರ್’ ಅಂದ. ನಾನು ಬಿಡಲಿಲ್ಲ. ನನಗೆ ತೋಳಿನ ಅಳತೆ ಬೇಕಿರಲಿಲ್ಲ, ನೆಲದ ಮೇಲಿನ 50 ಕಿಲೋ ಬೇಕಿತ್ತು.

ಊಟದ ವಿಷಯ ಬಂದಾಗ ಮಾತ್ರ ನನ್ನ ಮರ್ಯಾದೆ ಹೋಯಿತು. ಮೂರು ದಿನ ತಿಂದದ್ದನ್ನೆಲ್ಲಾ ಪುಸ್ತಕದಲ್ಲಿ ಬರೆ ಎಂದಿದ್ದ. ‘ಪಂದಿ ಕರಿ ತಿಂದು ಬೆಳೆದವರಿಗೆ ಪ್ರೋಟೀನಿನ ಪಾಠವೇ?’ ಎಂದು ಹೆಂಡತಿ ನಕ್ಕಳು. ಬರೆದು ನೋಡಿದರೆ ಪಂದಿ ಕರಿ ಭಾನುವಾರದ ಅತಿಥಿ, ಅದೂ ನಾಲ್ಕು ಕಡಂಬುಟ್ಟಿಗೆ ಎರಡು ತುಂಡು. ಉಳಿದ ದಿನಗಳಲ್ಲಿ ಬೆಳಿಗ್ಗೆ ಅಕ್ಕಿ ರೊಟ್ಟಿ ಚಟ್ನಿ, ಮಧ್ಯಾಹ್ನ ಅನ್ನ ತಿಳಿಸಾರು, ಸಂಜೆ ಕಾಫಿ ಬಿಸ್ಕತ್ತು, ರಾತ್ರಿ ಮತ್ತೆ ಅನ್ನ. ಲೆಕ್ಕ ಹಾಕಿದಾಗ ದಿನಕ್ಕೆ 42 ಗ್ರಾಂ ಪ್ರೋಟೀನು ಬಂತು. ಐ.ಸಿ.ಎಂ.ಆರ್. ಲೆಕ್ಕದಲ್ಲಿ ಸಾಮಾನ್ಯ ಮನುಷ್ಯನಿಗೇ ಮೈತೂಕದ ಒಂದು ಕಿಲೋಗೆ 0.83 ಗ್ರಾಂ ಬೇಕು. ನನ್ನ 58 ಕಿಲೋಗೆ 48 ಗ್ರಾಂ. ಭಾರ ಎತ್ತಿ ಮೈ ಬೆಳೆಸುವವನಿಗೆ ಕಿಲೋಗೆ ಸುಮಾರು 1.6 ಗ್ರಾಂ, ಅಂದರೆ ನನಗೆ ತೊಂಬತ್ತರ ಆಸುಪಾಸು. ನಾನು ಸುಮ್ಮನೆ ಕೂತವನಿಗೆ ಬೇಕಾದಷ್ಟನ್ನೂ ತಿನ್ನುತ್ತಿರಲಿಲ್ಲ.

ಜಿಮ್ಮಿನ ಹುಡುಗರು ಪುಡಿಯ ಡಬ್ಬಿ ತೋರಿಸಿದರು. ಅದರ ಬೆಲೆ ಕೇಳಿ ನನಗೆ ಬೆವರು ಬಂತು. ಒಳಗಿರುವುದು ಹಾಲು ಒಡೆಸಿದಾಗ ಉಳಿಯುವ ತಿಳಿನೀರಿನಿಂದ ತೆಗೆದ ಪ್ರೋಟೀನು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ಮೈ ಬೆಳೆಸಲು ಇಂಥ ಪುಡಿಗಳನ್ನು ನೆಚ್ಚಬೇಡಿ ಎನ್ನುತ್ತದೆ. ನಾನು ಅಡಿಗೆಮನೆಗೇ ಹೋದೆ. ರೊಟ್ಟಿಯ ಜತೆ ಎರಡು ಬೇಯಿಸಿದ ಮೊಟ್ಟೆ, 12 ಗ್ರಾಂ. ಒಂದು ಹಿಡಿ ಹುರಿದ ಕಡಲೆಕಾಯಿ, ಏಳು ಗ್ರಾಂ. ಐವತ್ತು ಗ್ರಾಂ ಹುರುಳಿಕಾಳಿನ ಸಾರು, 11 ಗ್ರಾಂ. ಎರಡು ಲೋಟ ಹಾಲು ಮೊಸರಿನಿಂದ ಹತ್ತು ಹನ್ನೆರಡು. ಸಂತೆಯ ಮೀನೋ ಕೋಳಿಯೋ ನೂರು ಗ್ರಾಂ ಆದರೆ ಇಪ್ಪತ್ತರ ಮೇಲೆ. ಅನ್ನ ರೊಟ್ಟಿಯದ್ದನ್ನೂ ಸೇರಿಸಿದರೆ ಲೆಕ್ಕ ಹತ್ತಿರ ಹತ್ತಿರ ಸರಿಹೋಯಿತು. ಅನ್ನವನ್ನು ನಾನು ಬಿಡಲಿಲ್ಲ, ಭಾರ ಎತ್ತಲು ಉರುವಲು ಬೇಡವೇ? ಬಿಟ್ಟದ್ದು ಸಂಜೆಯ ಎರಡು ಪೆಗ್ಗು. ವ್ಯಾಯಾಮದ ಮೇಲೆ ಕುಡಿದರೆ ಮಾಂಸಖಂಡ ಕಟ್ಟುವ ಕೆಲಸ ಕುಂಠಿತವಾಗುತ್ತದಂತೆ. ಕೊಡಗಿನಲ್ಲಿ ಇದನ್ನು ಗಟ್ಟಿಯಾಗಿ ಹೇಳಲೂ ಧೈರ್ಯ ಬೇಕು! ಒಂದು ಎಚ್ಚರಿಕೆ ಮಾತ್ರ ಇದೆ. ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಹೀಗೆ ಪ್ರೋಟೀನು ಏರಿಸಬಾರದು.

ಈ ಲೆಕ್ಕದ ಪುಸ್ತಕದಿಂದಲೇ ನನ್ನ ಕಣ್ಣು ಅವ್ವನ ತಟ್ಟೆಯ ಮೇಲೆ ಬಿತ್ತು. ಹಲ್ಲು ಹೋದ ಮೇಲೆ ಮಾಂಸ ಬಿಟ್ಟಿದ್ದಳು. ಬೆಳಿಗ್ಗೆ ಅರ್ಧ ರೊಟ್ಟಿ, ರಾತ್ರಿ ಗಂಜಿ. ಒಂದು ಕಾಲದಲ್ಲಿ ಜುಲೈ ತಿಂಗಳೆಂದರೆ ದಿನವಿಡೀ ಗದ್ದೆಯಲ್ಲಿ ಬಗ್ಗಿ ನಾಟಿ ನೆಟ್ಟವಳು. ಅಪ್ಪ ಕೊನೆಯ ಗದ್ದೆಯ ನಾಟಿ ಓಟದಲ್ಲಿ ಬಾಳೆಗೊನೆ ಗೆದ್ದವರು. ಅಪ್ಪ ಹೋದರು, ಗದ್ದೆ ಹೆಚ್ಚಿನಂಶ ಪಾಳು ಬಿತ್ತು, ಅವ್ವ ಟಿ.ವಿ. ಮುಂದಿನ ಕುರ್ಚಿ ಹಿಡಿದಳು. ನಾವೂ ‘ನೀನು ಏಳಬೇಡ, ನಾವು ತಂದುಕೊಡುತ್ತೇವೆ’ ಎಂದು ಪ್ರೀತಿಯಿಂದಲೇ ಅವಳ ಕಾಲಿನ ಶಕ್ತಿ ಕಿತ್ತುಕೊಂಡೆವು.

ಕಾಲೇಜಿನಲ್ಲಿ ಓದಿದ ‘ಶಾಂತಲಾ’ ಕಾದಂಬರಿ ನೆನಪಾಯಿತು. ಅದನ್ನು ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದವರು. ಕಬ್ಬಿಣದ ಜತೆಗೆ ಸೂರ್ಯನಮಸ್ಕಾರವನ್ನೂ ಕಲಿಸಿದವರು, ಅಂಚೆಯಲ್ಲಿ ವ್ಯಾಯಾಮದ ಪಾಠ ಕಳಿಸಿದವರು. ಪಾಠ ಅಂಚೆಯಲ್ಲಿ ಊರೂರಿಗೆ ಹೋಗಬಹುದಾದರೆ ಗೋಣಿಕೊಪ್ಪಲಿನಿಂದ ನಮ್ಮ ಜಗುಲಿಗೆ ಬರಬಾರದೇ? ಟ್ರೇನರನ್ನು ಕೇಳಿದಾಗ ಅವನು ಒಂದು ವಿಷಯ ಹೇಳಿದ. 1990ರಲ್ಲಿ ಅಮೆರಿಕದ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದ್ದರಂತೆ. ಕೊನೆಯವರೆಗೆ ಉಳಿದ ಒಂಬತ್ತು ಮಂದಿಯ ಕಾಲಿನ ಶಕ್ತಿ ಸರಾಸರಿ ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತಂತೆ. ಡಾಕ್ಟರು ಒಪ್ಪಿದರು. ಆದರೆ ಅವ್ವ ಒಪ್ಪಬೇಕಲ್ಲ?

‘ಈ ವಯಸ್ಸಿನಲ್ಲಿ ನನಗೆ ಪೈಲ್ವಾನಿಕೆಯಾ?’ ಎಂದಳು. ಬೇಡ, ಕುರ್ಚಿಯಿಂದ ಎದ್ದು ಮತ್ತೆ ಕೂತರೆ ಸಾಕು ಎಂದೆ. ಮೊದಲ ದಿನ ಕೈ ಊರಿ ಮೂರು ಸಲ. ನಾನು ಹಿಂದೆ, ಕುರ್ಚಿ ಗೋಡೆಗೆ. ವಾರದಲ್ಲಿ ಐದು ಸಲ. ಹಲ್ಲಿಲ್ಲದ ಬಾಯಿಗೆ ಮೆತ್ತಗಿನ ಮೊಟ್ಟೆ, ಮುಳ್ಳು ತೆಗೆದ ಮೀನು, ಸೋಸಿದ ಹುರುಳಿ ಸಾರು. ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಹಬ್ಬಕ್ಕೆ ಏಳು ಸಲ. ಕ್ಯಾಲೆಂಡರಿನ ಮೇಲೆ ಅವಳೇ ಪೆನ್ಸಿಲಿನಿಂದ ಗೀಟು ಎಳೆಯತೊಡಗಿದಳು. ಒಂದು ದಿನ ನಾನು ಮೈಕೈ ನೋವೆಂದು ಜಿಮ್ಮಿಗೆ ಚಕ್ಕರ್ ಹಾಕಿದಾಗ ‘ನಿನ್ನ ಗೀಟು ಎಲ್ಲಿ?’ ಎಂದು ಕೇಳಿದಳು.

ಡಿಸೆಂಬರಿನ ಮೊದಲ ವಾರ ನಾನು 50 ಕಿಲೋ ಎತ್ತಿದೆ. ಎಂಟು ಸಲ. ತೂಕ 61ಕ್ಕೆ ಏರಿತ್ತು. ಅಂಗಿಯ ಹೆಗಲು ಸ್ವಲ್ಪ ಬಿಗಿಯಾಗಿತ್ತು. ಪಕ್ಕದಲ್ಲಿ ಒಬ್ಬ ಹುಡುಗ 120 ಕಿಲೋ ಎತ್ತುತ್ತಿದ್ದ. ಆದರೂ ನಮ್ಮ ಟ್ರೇನರ್ ಹಾಡು ನಿಲ್ಲಿಸಿ ನನಗೆ ಚಪ್ಪಾಳೆ ಹೊಡೆದ.

ಮರುವಾರ ಹುತ್ತರಿ. ರಾತ್ರಿ ಕದಿರು ತೆಗೆಯಲು ಉಳಿದಿರುವ ಒಂದೇ ಗದ್ದೆಗೆ ಹೊರಟಾಗ ಅವ್ವ ನೆಲದ ಮಣೆಯ ಮೇಲೆ ಕೂತಿದ್ದಳು. ಐದು ತಿಂಗಳಿನಿಂದ ನಾನು ಕಾದ ಗಳಿಗೆ. ಹಿಂದೆ ಹೋಗಿ ಕುಕ್ಕರಗಾಲಿನಲ್ಲಿ ಕೂತು, ಬೆನ್ನು ನೇರ ಮಾಡಿ, ಕಂಕುಳ ಕೆಳಗೆ ಕೈ ಹಾಕಿದೆ.

‘ಕೈ ತೆಗಿ. ಎತ್ತೋದಕ್ಕೆ ನಿಂಗೆ ಜಿಮ್ಮಿನಲ್ಲಿ ಕಬ್ಬಿಣ ಇದೆಯಲ್ಲ’ ಎಂದಳು.

ಒಂದು ಕೈ ಮಂಡಿಗೆ ಊರಿ ತಾನೇ ಎದ್ದು, ಟಾರ್ಚಿಗಾಗಿ ಕೈ ಚಾಚಿದಳು.