ಸದ್ದಿನಲ್ಲಿ ಮುಳುಗಿದ ಮಾತು

ಮಳೆಗಾಲದಲ್ಲಿ ನವಲಗುಂದದ ಎರೆಹೊಲಕ್ಕೆ ಹೋಗಲು ಜೀಪೇ ಬೇಕೆಂದು ಕೊಂಡೆವು. ಆದರೆ ನಿತ್ಯದ ಸಂಚಾರ ಧಾರವಾಡದ ಡಾಂಬರು ರಸ್ತೆಯಲ್ಲಿ. ಕೆಸರಿಗೆಂದು ಮಾಡಿದ ಆಳಗಚ್ಚಿನ ಟೈರುಗಳು ಅಲ್ಲಿ ಗುಂಯ್‌ಗುಡುತ್ತವೆ. ಭಾರ ಹೊರಲೆಂದಿರುವ ಲೀಫ್ ಸ್ಪ್ರಿಂಗುಗಳು ಖಾಲಿ ಗಾಡಿಯನ್ನು ಕುಲುಕುತ್ತವೆ.

ಒಮ್ಮೆ ಹಿಂದಿನ ಸೀಟಿನಲ್ಲಿದ್ದ ತಾಯಿಯವರು ಸೊಂಟ ನೋಯುತ್ತಿದೆಯೆಂದು ಎರಡು ಬಾರಿ ಹೇಳಿದರೂ ನಮಗೆ ಕೇಳಿಸಲಿಲ್ಲ. ಇಳಿಯುವಾಗ, "ನಿನ್ನ ಗಾಡಿಯಾಗ ಕೂಗಿದ್ರೂ ಕೇಳ್ಸೂದಿಲ್ಲಪಾ" ಎಂದರು. ನಾಚಿದೆವು.

ಅಂದಿನಿಂದ ಅವರಿಗೆ ಮುಂದಿನ ಸೀಟು. ರಸ್ತೆಯ ಟೈರು ಹಾಕಿಸಿ, ಅತಿಯಾಗಿದ್ದ ಗಾಳಿಯನ್ನು ಅಳತೆಗೆ ತಂದು, ಬಾಗಿಲಿನ ಸವೆದ ರಬ್ಬರನ್ನು ಬದಲಿಸಿದೆವು. ಸದ್ದು ಪೂರ್ತಿ ಅಡಗಿಲ್ಲ. ದಾರಿ ತೀರ ಕೆಟ್ಟಾಗ ಊರಂಚಿನಲ್ಲೇ ಜೀಪು ನಿಲ್ಲಿಸಿ ಹೊಲಕ್ಕೆ ನಡೆಯುತ್ತೇವೆ. ಆದರೆ ತಾಯಿಯವರ ಮಾತು ಈಗ ಕೇಳಿಸುತ್ತದೆ. ವಾಹನ ಕೊಳ್ಳುವ ಮುನ್ನ ಮನೆಯ ಹಿರಿಯರನ್ನು ಅದರಲ್ಲಿ ಒಮ್ಮೆ ಕೂಡಿಸಿ ನೋಡುವುದು ಒಳಿತು.