ಕಮಲಾಪುರದ ಕಿವಿ, ಕಲಬುರಗಿಯ ಕಣ್ಣು

ಕಮಲಾಪುರವೆಂದರೆ ಹೊರಗಿನವರಿಗೆ ಕೆಂಪು ಬಾಳೆಹಣ್ಣು. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಬಂದವರು ಗೊನೆ ಕಂಡು ಗಾಡಿ ನಿಲ್ಲಿಸುತ್ತಾರೆ, ಚೌಕಾಸಿ ಮಾಡಿ ಒಂದು ಡಜನ್ ಕಟ್ಟಿಸಿಕೊಂಡು ಮುಂದೆ ಹೋಗುತ್ತಾರೆ. ಅದೇ ರಸ್ತೆಯ ಬದಿಯ ಚಹಾದಂಗಡಿಯಲ್ಲಿ ಅರ್ಧ ತಾಸು ಕೂತರೆ ಈ ಊರಿನ ಇನ್ನೊಂದು ಬೆಳೆಯೂ ಕಾಣುತ್ತದೆ: ಹಳೆಯ ಸಿನಿಮಾ, ಹಳೆಯ ಹಾಡು ಎಂದರೆ ಹಸಿವೆ ಮರೆತು ವಾದಕ್ಕೆ ಕೂಡುವ ಜನ. ವಾದ್ಯದ ಮೊದಲ ನಾಲ್ಕು ಸ್ವರ ಕೇಳಿದೊಡನೆ ಇದು ಜಿ.ಕೆ. ವೆಂಕಟೇಶ್, ಇದು ನೌಷಾದ್ ಎನ್ನುವ ಕಿವಿ ಅವರದು. ಮೆಚ್ಚಿದರೆ 'ಹಾಡಂದ್ರ ಹಿಂಗಿರಬೇಕ್ ನೋಡ್ರಿ' ಎನ್ನುತ್ತಾರೆ. ಮೆಚ್ಚದಿದ್ದರೆ 'ಬರೀ ಗದ್ಲರಿ ಇದು'. ನಡುವೆ ಮೂರನೆಯ ತೀರ್ಪಿಲ್ಲ.

ಈ ಖಚಿತ ಅಭಿರುಚಿ ಸುಮ್ಮನೆ ಬಂದದ್ದಲ್ಲ. 1948ರ ಸೆಪ್ಟೆಂಬರ್‌ವರೆಗೆ ಈ ಸೀಮೆ ನಿಜಾಮರದು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು, ಓಣಿಯಲ್ಲಿ ದಖನಿ, ವ್ಯಾಪಾರದಲ್ಲಿ ಮರಾಠಿ, ತೆಲುಗು. ಹೀಗಾಗಿ ಮುಂಬಯಿಯ ಸಿನಿಮಾ ಇಲ್ಲಿಗೆ ಬಂದಾಗ ಅದಕ್ಕೆ ದುಭಾಷಿ ಬೇಕಾಗಲಿಲ್ಲ. ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಮಂತ್ರಿಯಾಗಿದ್ದ ಕಾಲದಲ್ಲಿ ಆಕಾಶವಾಣಿ ಸಿನಿಮಾ ಹಾಡುಗಳನ್ನು ದೂರವಿಟ್ಟಿತು. ದೇಶದ ಕೇಳುಗರೆಲ್ಲ ರೇಡಿಯೊ ಸಿಲೋನಿನ ಕಡೆ ಮುಳ್ಳು ತಿರುಗಿಸಿದರು. 1952ರಲ್ಲಿ ಅಲ್ಲಿ ಶುರುವಾದ ಬಿನಾಕಾ ಗೀತ್‌ಮಾಲಾ ಬುಧವಾರ ರಾತ್ರಿಗಳನ್ನು ತನ್ನದಾಗಿಸಿಕೊಂಡಿತು. ಅದರ ನಿರೂಪಕ ಅಮೀನ್ ಸಯಾನಿಯವರ ಮಾತು ತಿಳಿಯಾದ ಹಿಂದೂಸ್ತಾನಿ. ಕಲಬುರಗಿಯವರಿಗೆ ಅದು ಪಕ್ಕದ ಮನೆಯವರು ಮಾತಾಡಿದಷ್ಟು ಹತ್ತಿರ. ಇಲ್ಲಿಯ ಅಭಿಮಾನಿ ಹಾಡಿನ ಜೊತೆಗೆ ಆ ನಿರೂಪಣೆಯನ್ನೂ ಬಾಯಿಪಾಠ ಮಾಡಿದ.

ಕವ್ವಾಲಿಯ ವಿಷಯ ಬಂದರಂತೂ ಕಲಬುರಗಿಯವರ ಮಾತಿಗೆ ತೂಕ ಹೆಚ್ಚು. 1422ರಲ್ಲಿ ದೇಹ ಬಿಟ್ಟ ಖ್ವಾಜಾ ಬಂದೇನವಾಜರ ದರ್ಗಾ ಕಲಬುರಗಿಯಲ್ಲೇ ಇದೆ. ಉರುಸಿನ ರಾತ್ರಿಗಳಲ್ಲಿ ಚಪ್ಪಾಳೆ, ಹಾರ್ಮೋನಿಯಂ, ಢೋಲಕ್ ಒಂದಾಗಿ ಏರುವುದನ್ನು ಹತ್ತಿರ ಕೂತು ಕೇಳಿದವರಿಗೆ ಸಿನಿಮಾದ ಕವ್ವಾಲಿ ನಿಜವೋ ತೋರಿಕೆಯೋ ತಕ್ಷಣ ಗೊತ್ತಾಗುತ್ತದೆ. ಅವರ ಪ್ರಕಾರ ಆ ಪರೀಕ್ಷೆಯಲ್ಲಿ ಪೂರ್ತಿ ಗೆದ್ದದ್ದು 1960ರ 'ಬರ್‌ಸಾತ್ ಕೀ ರಾತ್'. ಸಂಗೀತ ರೋಷನ್, ಸಾಹಿತ್ಯ ಸಾಹಿರ್ ಲುಧಿಯಾನವಿ. ಅದರ ಕೊನೆಯ ಸ್ಪರ್ಧೆಯ ಕವ್ವಾಲಿ 10 ನಿಮಿಷ ಮೀರಿ ನಡೆಯುತ್ತದೆ. ಮನ್ನಾಡೇ, ಆಶಾ, ಸುಧಾ ಮಲ್ಹೋತ್ರಾ, ಬಾತಿಶ್ ಒಬ್ಬರಿಗಿಂತ ಒಬ್ಬರು ಎತ್ತರಕ್ಕೆ ಒಯ್ದಮೇಲೆ ರಫಿ ಬಂದು ಕೂಡಿಕೊಳ್ಳುತ್ತಾರೆ. ಲಯ ಮಾತ್ರ ಎಲ್ಲಿಯೂ ಓಡುವುದಿಲ್ಲ, ಬಿಗಿಯಾಗುತ್ತ ಹೋಗುತ್ತದೆ. ಅದೇ ವರ್ಷದ 'ಮೊಘಲ್-ಎ-ಆಜಂ' ಬೇರೆ ದಾರಿಯ ಚಿತ್ರ. ಶೀಶ್ ಮಹಲಿನ ಬಣ್ಣದ ಹಾಡನ್ನು ಹೊಗಳದವರಿಲ್ಲ. ಆದರೆ ಕಿವಿ ಬಲ್ಲವರು ತಡೆದು ನಿಲ್ಲುವುದು ಬಡೇ ಗುಲಾಂ ಅಲಿ ಖಾನರ ದನಿ ಪರದೆಯ ಹಿಂದಿನಿಂದ ಬರುವ ದೃಶ್ಯದಲ್ಲಿ. ದಿಲೀಪ್ ಕುಮಾರ್, ಮಧುಬಾಲಾ ಇಬ್ಬರೂ ತುಟಿ ಬಿಚ್ಚುವುದಿಲ್ಲ. ಹೇಳಬೇಕಾದ್ದನ್ನೆಲ್ಲ ಆಲಾಪವೇ ಹೇಳುತ್ತದೆ. ಹಿಂದಿ ಸಿನಿಮಾ ಸಂಗೀತವನ್ನು ಇಷ್ಟು ನಂಬಿದ ದೃಶ್ಯ ಇನ್ನೊಂದಿಲ್ಲ ಎಂಬುದು ಇಲ್ಲಿಯವರ ತೀರ್ಪು.

ಕಿವಿಯಂತೆ ಕಣ್ಣಿನ ಕತೆಯೂ ಇದೆ. ಹಿಂದಿ ಸಿನಿಮಾ ದೇಶಕ್ಕೆ ಹೇಗೆ ಕಾಣಬೇಕು ಎಂದು ತೀರ್ಮಾನಿಸಿದವರಲ್ಲಿ ಒಬ್ಬರು ಕಲಬುರಗಿಯ ಮಗ. ಎಸ್.ಎಂ. ಪಂಡಿತ ಹುಟ್ಟಿದ್ದು 1916ರಲ್ಲಿ. ಮದರಾಸಿನಲ್ಲೂ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲೂ ಕಲಿತು ಸಿನಿಮಾ ಪ್ರಚಾರದ ಚಿತ್ರಗಳಿಗೆ ಕುಂಚ ಹಿಡಿದರು. ಬಾಬೂರಾವ್ ಪಟೇಲರ 'ಫಿಲ್ಮ್‌ಇಂಡಿಯಾ' ಪತ್ರಿಕೆಯ ಮುಖಪುಟಗಳಲ್ಲಿ ಅವರ ಕೈ ಎದ್ದು ಕಂಡಿತು. ಕೆನ್ನೆಯ ಮೇಲೆ ಬೀಳುವ ಬೆಳಕು, ತುಟಿಯ ಹೊಳಪು, ಕಣ್ಣಿನ ಅಂಚಿನ ನೆರಳು: ಕಪ್ಪು ಬಿಳುಪಿನ ಚಿತ್ರಗಳ ಕಾಲದಲ್ಲಿ ನಟ ನಟಿಯರಿಗೆ ಬಣ್ಣ ಕೊಟ್ಟದ್ದು ಇಂಥ ಕುಂಚಗಳೇ. ಪ್ರೇಕ್ಷಕ ಟಿಕೆಟ್ ಕೊಳ್ಳುವ ಮೊದಲೇ ಅರ್ಧ ಸಿನಿಮಾ ನೋಡಿರುತ್ತಿದ್ದ. ಮುಂದೆ ಪಂಡಿತರು ಪುರಾಣದ ಕಡೆ ಹೊರಳಿದರು. ಅವರ ಕೃಷ್ಣ, ಶಿವ, ಶಕುಂತಲೆಯರು ಕ್ಯಾಲೆಂಡರುಗಳಾಗಿ ಮನೆಮನೆಯ ಗೋಡೆ ಸೇರಿದರು. 1993ರಲ್ಲಿ ಅವರು ತೀರಿಕೊಂಡರು. ಕಲಬುರಗಿಯ ರಂಗಮಂದಿರಕ್ಕೆ ಅವರದೇ ಹೆಸರಿದೆ. ಅಲ್ಲಿ ನಾಟಕ ನೋಡಲು ಹೋಗುವ ಎಳೆಯರಿಗೆ ಆ ಹೆಸರಿನ ಹಿಂದಿನ ಕೆಲಸವನ್ನೂ ತೋರಿಸಬೇಕು.

ಕನ್ನಡದ ಹಾಡು ಕಲಬುರಗಿಗೆ ಸ್ವಂತ ಗಾಳಿಯಲ್ಲಿ ಬಂದದ್ದು 1966ರಲ್ಲಿ, ಇಲ್ಲಿ ಆಕಾಶವಾಣಿ ಕೇಂದ್ರ ತೆರೆದಾಗ. ಅದೇ ವರ್ಷ 'ಸಂಧ್ಯಾರಾಗ' ತೆರೆ ಕಂಡಿತು. ಅ.ನ. ಕೃಷ್ಣರಾಯರ ಕಾದಂಬರಿ, ರಾಜಕುಮಾರ್ ನಾಯಕ, ಹಾಡಿದವರಲ್ಲಿ ಒಂದು ಕಡೆ ಗದಗ ಸೀಮೆಯ ಭೀಮಸೇನ ಜೋಶಿ, ಇನ್ನೊಂದು ಕಡೆ ಬಾಲಮುರಳಿಕೃಷ್ಣ. ಧಾರವಾಡದ ಆಚೆಈಚೆ ಹಿಂದೂಸ್ತಾನಿ, ಮೈಸೂರಿನ ಕಡೆ ಕರ್ನಾಟಕ ಎಂದು ಹಂಚಿಹೋಗಿದ್ದ ನಾಡಿನ ಸಂಗೀತವನ್ನು ಒಂದೇ ಕತೆಯೊಳಗೆ ಕೂಡಿಸಿದ ಚಿತ್ರವಿದು. ಹೊಸದಾಗಿ ಒಂದಾದ ರಾಜ್ಯಕ್ಕೆ ಅದಕ್ಕಿಂತ ಒಳ್ಳೆಯ ಉಡುಗೊರೆ ಕನ್ನಡ ಸಿನಿಮಾ ಕೊಟ್ಟಿಲ್ಲ ಎಂದು ಕಮಲಾಪುರದ ಅಭಿಮಾನಿ ಗಟ್ಟಿಯಾಗಿ ಹೇಳಬಲ್ಲ.

'ಬಂಗಾರದ ಮನುಷ್ಯ'ದ ಮಾತು ಬೇರೆ. 1972ರ ಆ ಚಿತ್ರ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷದಷ್ಟು ಓಡಿದ ಸಂಗತಿ ನಾಡಿಗೇ ಗೊತ್ತು. ಈ ಕಡೆಯವರಿಗೆ ಅದು ಹಿಡಿಸಿದ್ದಕ್ಕೆ ಇನ್ನೊಂದು ಕಾರಣವುಂಟು. ಆಗಲೇ ದಖ್ಖನ್ನಿನಲ್ಲಿ ದೊಡ್ಡ ಬರ ಬಿದ್ದಿತ್ತು. ಬಂಡೆ ಒಡೆದು, ಬಂಜರು ನೆಲದಲ್ಲಿ ಬೆಳೆ ತೆಗೆಯುವ ರಾಜೀವನನ್ನು ಒಣಬೇಸಾಯದ ರೈತ ತನ್ನವನೆಂದೇ ನೋಡಿದ. ಜಿ.ಕೆ. ವೆಂಕಟೇಶರ ಸಂಗೀತ, ಪಿ.ಬಿ. ಶ್ರೀನಿವಾಸರ ಮೆತ್ತನೆಯ ದನಿ ಆ ದುಡಿಮೆಗೆ ಘನತೆ ಕೊಟ್ಟವು. ಪುಟ್ಟಣ್ಣನವರ 'ಗೆಜ್ಜೆಪೂಜೆ', 'ಶರಪಂಜರ'ಗಳಲ್ಲಿ ವಿಜಯಭಾಸ್ಕರ್ ಮಾಡಿದ ಕೆಲಸ ಇದಕ್ಕೆ ಸರಿಸಮ. ಅಲ್ಲಿ ಕಲ್ಪನಾ ಹೇಳದೆ ಉಳಿಸಿದ ಮಾತನ್ನು ಹಿನ್ನೆಲೆಯ ವಾದ್ಯ ಮುಗಿಸುತ್ತದೆ. ಇಂಪಿನ ಲೆಕ್ಕದಲ್ಲಿ ರಾಜನ್-ನಾಗೇಂದ್ರ ಜೋಡಿ ಈ ಇಬ್ಬರಿಗಿಂತ ಒಂದು ಹೆಜ್ಜೆ ಮುಂದೆ. 'ಎರಡು ಕನಸು' ಚಿತ್ರದಲ್ಲಿ ತೆಗೆದುಹಾಕಬಹುದಾದ ಒಂದು ಹಾಡೂ ಸಿಗುವುದಿಲ್ಲ.

ಜಾನಪದದ ವಿಚಾರದಲ್ಲಿ ಮಾತ್ರ ಈ ಅಭಿಮಾನಿ ಕಟ್ಟುನಿಟ್ಟು. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ, ದಮ್ಮಡಿಯ ಜೊತೆಗೆ ಅಹೋರಾತ್ರಿ ಕೇಳಿ ಬೆಳೆದ ನೆಲವಿದು. 1990ರಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಬಂದಾಗ ಸಿ. ಅಶ್ವತ್ಥರ ಎತ್ತರದ ಕಂಠ ನಾಡನ್ನೆಲ್ಲ ತುಂಬಿತು. ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯಕ್ಕಾಗಿ ಇರುವ ನರ್ಗಿಸ್ ದತ್ ಪ್ರಶಸ್ತಿಯೂ ಸಿಕ್ಕಿತು. ಹಳ್ಳಿಯ ಭಜನೆ ಮೇಳದವರು ಪದವನ್ನು ಒಳಗೆಳೆದುಕೊಂಡು ಹಾಡುತ್ತಾರೆ, ಅಶ್ವತ್ಥರು ಅದನ್ನು ಬಯಲಿಗೆ ತಂದು ಸಾರಿದರು. ಎರಡೂ ಬೇಕು. ಆದರೆ ಒಂದನ್ನೇ ಆರಿಸಿಕೊಳ್ಳಿ ಎಂದರೆ ಇಲ್ಲಿಯವರು ಏಕತಾರಿಯ ಬಳಿ ಹೋಗಿ ಕೂಡುತ್ತಾರೆ.

ಅವರಿಗೊಂದು ಕೊರಗೂ ಇದೆ. ಕಮಲಾಪುರದಿಂದ ಬಸವಕಲ್ಯಾಣ ದೂರವಿಲ್ಲ. ಅಲ್ಲಿಯ ಕತೆ ಹೇಳುವ 'ಜಗಜ್ಯೋತಿ ಬಸವೇಶ್ವರ' 1959ರಲ್ಲೇ ಬಂತು. ಹೊನ್ನಪ್ಪ ಭಾಗವತರ್ ಬಸವಣ್ಣ, ರಾಜಕುಮಾರ್ ಬಿಜ್ಜಳ. ಹೊನ್ನಪ್ಪನವರ ಹಾಡುಗಾರಿಕೆ, ರಾಜಕುಮಾರರ ಗತ್ತು ಎರಡನ್ನೂ ಇಲ್ಲಿಯವರು ಮೆಚ್ಚಿದರು. ಆದರೆ ಕಲ್ಯಾಣದ ಮಣ್ಣಿನ ಮಾತು ಪರದೆಯ ಮೇಲೆ ಕೇಳಿಬರುವುದು ಅಪರೂಪವಾಗಿಯೇ ಉಳಿಯಿತು. ಈ ಭಾಗದ ನುಡಿ ಬಂದರೂ ನಗಿಸುವ ಪಾತ್ರಕ್ಕೇ ಮೀಸಲಾಗಿದ್ದು ಹೆಚ್ಚು. 1997ರ 'ನಾಗಮಂಡಲ' ಉತ್ತರ ಕರ್ನಾಟಕದ ಮಾತಿನಲ್ಲೇ ಪ್ರೇಮ, ಅನುಮಾನ, ಸಂಕಟಗಳನ್ನು ಹೇಳಿ ಅದು ಸಾಧ್ಯವೆಂದು ತೋರಿಸಿತು. ಕಲಬುರಗಿಯ ಗೀತಾ ನಾಗಭೂಷಣರ 'ಹಸಿಮಾಂಸ ಮತ್ತು ಹದ್ದುಗಳು' ಕಾದಂಬರಿ 'ಹೆಣ್ಣಿನ ಕೂಗು' ಎಂಬ ಚಿತ್ರವಾಯಿತು. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರ 'ಬದುಕು' ಇನ್ನೂ ದೊಡ್ಡ ಚಿತ್ರಕ್ಕೆ ಸಾಕಾಗುವಷ್ಟು ಜೀವ ತುಂಬಿದ ಕೃತಿ. ಇಲ್ಲಿಯ ನುಡಿಯನ್ನು ಬಲ್ಲ ನಿರ್ದೇಶಕರು ಅದನ್ನು ಕೈಗೆತ್ತಿಕೊಳ್ಳಬೇಕು.

ಟಿ.ವಿ. ವಿಷಯದಲ್ಲಿ ಕಲಬುರಗಿಯವರು ಬೆಂಗಳೂರಿಗೆ ಹಿರಿಯರು. ರಾಜಧಾನಿಯಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್‌ನಲ್ಲಿ. ಅದಕ್ಕೆ ಆರು ವರ್ಷ ಮೊದಲು, 1975ರ ಆಗಸ್ಟ್ 1ರಂದು, ಸೈಟ್ ಎಂಬ ಪ್ರಯೋಗ ಆರಂಭವಾಯಿತು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರ ಪ್ರಸಾರ. ಕರ್ನಾಟಕದ ಪಾಲಿಗೆ ಆರಿಸಿದ್ದು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳನ್ನು. ಕೋಳಿಗೂಡಿಗೆ ಬಳಸುವ ಜಾಲರಿಯಿಂದ ಮಾಡಿದ, ಮೂರು ಮೀಟರ್ ಅಗಲದ ಬುಟ್ಟಿಯಂಥ ಆಂಟೆನಾ. ಹೈದರಾಬಾದಿನ ಇಸಿಐಎಲ್ ಕಾರ್ಖಾನೆಯ ಸೆಟ್. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯ, ಹಾಡು, ಕುಣಿತ. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು. ಒಂದು ವರ್ಷದ ಪ್ರಯೋಗ ಮುಗಿದ ಮೇಲೆ, 1977ರಲ್ಲಿ, ಕಲಬುರಗಿಗೆ ಭೂಮಿಯ ಮೇಲಿನ ಪ್ರಸಾರ ಕೇಂದ್ರವೇ ಬಂತು.

ಇಡೀ ಊರು ಒಂದೇ ಪೆಟ್ಟಿಗೆಯ ಮುಂದೆ ಕೂಡುವ ಅಭ್ಯಾಸ ಇಲ್ಲಿ ಹೀಗೆ ಬೇಗ ಬೆಳೆಯಿತು. ಮುಂದೆ 'ಹಮ್ ಲೋಗ್', 'ರಾಮಾಯಣ', 'ಮಹಾಭಾರತ' ಬಂದಾಗ ನೋಡುವವರಿಗೆ ಅದು ಹೊಸದೇನೂ ಆಗಿರಲಿಲ್ಲ. ಅವೆಲ್ಲಕ್ಕಿಂತ ಮೇಲೆ ಈ ಅಭಿಮಾನಿ ಇಡುವುದು ಶಂಕರ್ ನಾಗ್‌ರ 'ಮಾಲ್ಗುಡಿ ಡೇಸ್' ಅನ್ನು. ಆಗುಂಬೆಯಲ್ಲಿ ಚಿತ್ರೀಕರಣ, ಮಾಸ್ಟರ್ ಮಂಜುನಾಥ್, ಗಿರೀಶ ಕಾರ್ನಾಡ, ವೈಶಾಲಿ ಕಾಸರವಳ್ಳಿ, ಆರ್.ಕೆ. ಲಕ್ಷ್ಮಣರ ರೇಖೆಗಳು, ಎಲ್. ವೈದ್ಯನಾಥನ್‌ರ ಗುನುಗುವ ಸಂಗೀತ. ಪಾತ್ರಗಳು ಆಡುವುದು ಹಿಂದಿ, ಆದರೆ ನಡೆ, ನೋಟ, ಮೌನವೆಲ್ಲ ಕನ್ನಡದ್ದು. ಎರಡೂ ನುಡಿಯಲ್ಲಿ ಬೆಳೆದ ಕಲಬುರಗಿಯವರಿಗೆ ಈ ಹದ ಸಿಕ್ಕಷ್ಟು ಬೇರೆಯವರಿಗೆ ಸಿಗುವುದು ಕಷ್ಟ. ಅಲ್ಲಿ ಯಾರೂ ಕೂಗಾಡುವುದಿಲ್ಲ, ಒಂದೇ ಮುಖವನ್ನು ಮೂರು ಸಲ ತೋರಿಸುವುದಿಲ್ಲ. ಕಳೆದುಹೋದ ಟೋಪಿ, ಬಾರದ ರಜೆ, ಅಪ್ಪನ ಹೆದರಿಕೆ ಇಷ್ಟರಲ್ಲೇ ಒಂದು ಕಂತು ತುಂಬುತ್ತದೆ. ಇಂದಿನ ಧಾರಾವಾಹಿ ಬರೆಯುವವರು ಕಲಿಯಲು ಇದಕ್ಕಿಂತ ದೊಡ್ಡ ಪಾಠಶಾಲೆ ಬೇಡ.

1975ರಲ್ಲಿ ಜಾಲರಿಯ ಆಂಟೆನಾದ ಅಡಿಯಲ್ಲಿ ಕೂತು ಮೊದಲ ಬಾರಿಗೆ ಟಿ.ವಿ. ನೋಡಿದ ಶಾಲಾ ಮಕ್ಕಳಿಗೆ ಈಗ ಅರವತ್ತರ ಆಸುಪಾಸು. ಆ ಸಂಜೆಗಳಲ್ಲಿ ಅವರು ಏನು ಕಂಡರು, ಯಾವ ಹಾಡು ನೆನಪಿದೆ, ಮನೆಯ ಹೆಂಗಸರು ನೋಡಲು ಬಂದರೇ ಎಂಬುದನ್ನು ಕೇಳಿ ಬರೆದಿಡಬೇಕು. ಗುಲಬರ್ಗಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಹಳ್ಳಿಯ ಶಿಕ್ಷಕರು, ಮನೆಯ ಮೊಮ್ಮಕ್ಕಳು ಯಾರಾದರೂ ಸರಿ, ಒಂದು ಫೋನಿನಲ್ಲಿ ದನಿ ಹಿಡಿದಿಟ್ಟರೂ ಸಾಕು. ನಿಮ್ಮ ಮನೆಯಲ್ಲೇ ಅಂಥವರಿದ್ದರೆ ಈ ವಾರವೇ ಕೂತು ಕೇಳಿ.