ಮನೋರೋಗಿಗಳೂ ಸುಹೃದರೂ

ಕಡೂರನ್ನು ಹಾದುಬರುವ ರೈಲುಹಾದಿಯು ಬೀರೂರಿನಲ್ಲಿ ಕವಲೊಡೆದು ಒಂದು ತರೀಕೆರೆಯ ಕಡೆಗೂ ಮತ್ತೊಂದು ಅಜ್ಜಂಪುರದ ಕಡೆಗೂ ಹೋಗುತ್ತದೆ. ಈ ಊರುಗಳಲ್ಲಿ ಯಾರಿಗಾದರೂ ಚಿತ್ತಸ್ವಾಸ್ಥ್ಯ ತಪ್ಪಿ, ಔಷಧಕ್ಕೂ ಹರಕೆಗೂ ಗುಣ ಕಾಣದಿದ್ದರೆ ಮನೆಯವರು ಅದೇ ಹಾದಿಯಲ್ಲಿ ಬೆಂಗಳೂರಿಗೆ ಹೊರಡುವುದುಂಟು. ಅಲ್ಲಿನ ಹುಚ್ಚರ ಆಸ್ಪತ್ರೆಯು 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನು ಪಡೆದು, 1974ರಿಂದ ನಿಮ್ಹಾನ್ಸ್ ಎಂದು ಪ್ರಸಿದ್ಧವಾಗಿದೆ. ಹೆಸರು ಬದಲಾದಷ್ಟು ಬೇಗ ಜನರ ಮನಸ್ಸು ಬದಲಾಗಲಿಲ್ಲ. ಪ್ರಯಾಣದ ಕಾರಣವನ್ನು ನೆರೆಯವರು ಕೇಳಿದರೆ ತಲೆನೋವೆಂದು ಹೇಳಿ ಬಾಗಿಲು ಮುಚ್ಚುವವರು ಇಂದಿಗೂ ಇದ್ದಾರೆ.

ಈಚೆಗೆ ಕಂಪೆನಿಗಳ ನೌಕರರು ಸ್ವಯಂಸೇವಕರಾಗಿ ಇಂತಹ ಆಸ್ಪತ್ರೆಗಳಿಗೂ ಪುನರ್ವಸತಿಗೃಹಗಳಿಗೂ ಹೋಗಿ ರೋಗಿಗಳೊಡನೆ ಹಾಡುವುದು, ಕೇರಂ ಆಡುವುದು, ಹಬ್ಬವನ್ನಾಚರಿಸುವುದು ರೂಢಿಗೆ ಬಂದಿದೆ. ಇದನ್ನು ಕೆಲಸವಿಲ್ಲದವರ ವಿನೋದವೆಂದು ಹಳಿಯುವುದು ತರವಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯೇ ಮನೋರಂಜನೆಯ ಅನುಕೂಲವನ್ನು ರೋಗಿಯ ಹಕ್ಕುಗಳಲ್ಲಿ ಸೇರಿಸಿದೆ. ಮತ್ತೊಂದು ಸ್ವಾರಸ್ಯವುಂಟು. 2013ರ ಕಂಪೆನಿ ಕಾಯಿದೆಯಂತೆ ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜಕಾರ್ಯಕ್ಕೆ ವ್ಯಯಿಸಬೇಕು. ಆದರೆ ನೌಕರರು ಕೊಟ್ಟ ಕಾಲಕ್ಕೆ ಬೆಲೆಕಟ್ಟಿ ಆ ಲೆಕ್ಕಕ್ಕೆ ಸೇರಿಸುವಂತಿಲ್ಲ. ನೌಕರನು ರೋಗಿಯ ಪಕ್ಕದಲ್ಲಿ ಕುಳಿತ ಒಂದು ಗಂಟೆ ಯಾವ ಖಾತೆಗೂ ಏರದ ದಾನವೇ ಸರಿ.

ಚರಕಸಂಹಿತೆಯ ಉನ್ಮಾದಚಿಕಿತ್ಸೆಯ ಅಧ್ಯಾಯದಲ್ಲಿ, ಸುಹೃದನು ಧರ್ಮಾರ್ಥಯುಕ್ತವಾದ ಮಾತುಗಳಿಂದ ರೋಗಿಯನ್ನು ಸಮಾಧಾನಪಡಿಸಬೇಕೆಂಬ ವಿಧಿಯಿದೆ. (ಕಟ್ಟಿಹಾಕುವ, ಹೆದರಿಸುವ ವಿಧಿಗಳೂ ಅಲ್ಲಿಯೇ ಇವೆ, ಅದನ್ನು ಮರೆಮಾಚಬೇಕಾದುದಿಲ್ಲ.) ಗ್ರಂಥಕಾರನು ಹೇಳಿದುದು ಸುಹೃದನನ್ನು, ಅತಿಥಿಯನ್ನಲ್ಲ. ಒಂದೇ ಬಣ್ಣದ ಅಂಗಿ ತೊಟ್ಟು ಮೂವತ್ತು ಮಂದಿ ಒಂದು ಮಧ್ಯಾಹ್ನ ಬಂದು, ಸಿಹಿ ಹಂಚಿ, ಭಾವಚಿತ್ರ ತೆಗೆಸಿಕೊಂಡು ಹಿಂದಿರುಗಿದರೆ ಅದು ಆತಿಥ್ಯದ ವಿಪರ್ಯಾಸ. ಒಪ್ಪಿಗೆಯಿಲ್ಲದೆ ರೋಗಿಯ ಚಿತ್ರವನ್ನು ಪತ್ರಿಕಾದಿಗಳಿಗೆ ಕೊಡಕೂಡದೆಂದು ಮೇಲೆ ಹೇಳಿದ ಕಾಯಿದೆಯೇ ವಿಧಿಸಿದೆ. ಅದಕ್ಕಿಂತಲೂ ಕಷ್ಟದ ಸಂಗತಿಯೆಂದರೆ, ಮರುವಾರ ರೋಗಿಯು ಕಿಟಕಿಯ ಬಳಿ ಕಾದುಕುಳಿತಾನು. ಮೂವತ್ತು ಮಂದಿ ಒಮ್ಮೆ ಬರುವುದಕ್ಕಿಂತ ಮೂವರು ವರ್ಷವಿಡೀ ಹದಿನೈದು ದಿನಕ್ಕೊಮ್ಮೆ ತಪ್ಪದೆ ಬರುವುದು ಮೇಲು. ಬಂದವರು ಕಲಿಸುವುದಕ್ಕೆ ಮಾತ್ರ ಬಾರದೆ ಕಲಿಯುವುದಕ್ಕೂ ಬರಲಿ. ಅಜ್ಜಂಪುರದ ಸೀಮೆಯವನೊಬ್ಬನು ಅಲ್ಲಿದ್ದರೆ ಅಮೃತಮಹಲ್ ಹೋರಿಯ ಲಕ್ಷಣಗಳನ್ನು ಗಣಕಯಂತ್ರದ ಯುವಕನಿಗೆ ಒಂದು ಗಂಟೆ ವಿವರಿಸಬಲ್ಲನು. ಆ ಒಂದು ಗಂಟೆಯಲ್ಲಿ ಅವನು ರೋಗಿಯಲ್ಲ.

ಹೀಗೆ ಚೇತರಿಸಿಕೊಂಡವನು ಊರಿಗೆ ಬರುತ್ತಾನೆ. ಔಷಧಕ್ಕಾಗಿ ಪ್ರತಿಸಲವೂ ಬೆಂಗಳೂರಿಗೆ ಹೋಗಬೇಕಾಗದಿರಲೆಂದು 2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮವು ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರ ಭೇಟಿಗೆ ಏರ್ಪಾಡು ಮಾಡಿತು. ಊರಿನಲ್ಲಿ ಕಂಪೆನಿಗಳಿಲ್ಲ, ಸ್ವಯಂಸೇವಕರ ತಂಡಗಳೂ ಇಲ್ಲ; ಜಗಲಿಗಳಿವೆ, ವಾಚನಾಲಯವಿದೆ, ದೇವಸ್ಥಾನದ ಪ್ರಾಕಾರವಿದೆ. ಮದುವೆಗೆ ಕರೆಯಲು ಬಂದವರು ಮನೆಯವರಿಗೆಲ್ಲ ಅಕ್ಷತೆ ಕೊಟ್ಟು, ಒಳಕೋಣೆಯಲ್ಲಿರುವವನ ಹೆಸರನ್ನು ಮಾತ್ರ ಎತ್ತದೆ ಎದ್ದುಹೋಗುತ್ತಾರೆ. ಅವನೂ ಆ ಮಾತುಗಳನ್ನೆಲ್ಲ ಬಾಗಿಲ ಹಿಂದೆ ಕೇಳಿಸಿಕೊಂಡಿರುತ್ತಾನೆ.